ಬಿಸಿಲಿನ ಮೇಲೆ ಗೂಬೆ ಕೂರಿಸುವ ಮುನ್ನ

ನಮ್ಮ ರಾಯಚೂರು ಸೀಮೆಯಲ್ಲಿ ಯುಗಾದಿ ಕಳೆದರೆ ಸಾಕು, ಎಲ್ಲ ಹೊಟ್ಟೆನೋವಿಗೂ ಒಂದೇ ಹೆಸರು: ಉಷ್ಣ. ಔಷಧಿ ಅಂಗಡಿಯಲ್ಲಿ ನಿಂತು ಇದನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. 'ಉಷ್ಣವಾಗಿದೆ, ಒಂದು ಮಾತ್ರೆ ಕೊಡು ಅಣ್ಣಾ' ಎನ್ನುತ್ತಾರೆ. ನೋವು ಎಲ್ಲಿ, ಯಾವಾಗಿನಿಂದ ಎಂದು ಕೇಳಿದರೆ ಮುಖ ಗಂಟಿಕ್ಕುತ್ತಾರೆ.

ಬಿಸಿಲಿಗೂ ಹೊಟ್ಟೆಗೂ ನಂಟಿಲ್ಲ ಎಂದು ನಾನು ಹೇಳುತ್ತಿಲ್ಲ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬೆವರಿನಲ್ಲಿ ನೀರು ಹೋದಷ್ಟೂ ಮೂತ್ರ ಗಾಢವಾಗಿ ಲವಣಗಳು ಹರಳುಗಟ್ಟುತ್ತವೆ. ಕಿಡ್ನಿ ಕಲ್ಲಿನ ನೋವು ಬೇಸಿಗೆಯಲ್ಲಿ ಹೆಚ್ಚುವುದು ಅದಕ್ಕೇ. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಂತೂ ಮರೆಯಾದ ಜಾಗವಿಲ್ಲವೆಂದು ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ. ಅದಕ್ಕೂ ಬಿಸಿಲನ್ನೇ ದೂರಬೇಕೇ?

ಅಪೆಂಡಿಸೈಟಿಸ್, ಅಂದರೆ ದೊಡ್ಡ ಕರುಳಿಗೆ ಬಾಲದಂತೆ ಅಂಟಿಕೊಂಡಿರುವ ಅಪೆಂಡಿಕ್ಸ್ ಊದಿಕೊಳ್ಳುವ ಕಾಯಿಲೆ ಕೂಡ ಬೇಸಿಗೆಯಲ್ಲೇ ಹೆಚ್ಚು ಎಂದು ಹಲವು ದೇಶಗಳ ಆಸ್ಪತ್ರೆ ದಾಖಲೆಗಳು ತೋರಿಸಿವೆ. ಏಕೆ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ: ಬೇಸಿಗೆಯಲ್ಲಿ ಹೆಚ್ಚುವ ಕಾಯಿಲೆಯನ್ನು ಬೇಸಿಗೆಯ ಹೆಸರು ಹೇಳಿಯೇ ಮುಚ್ಚಿಹಾಕುತ್ತೇವೆ.

ಮದುವೆ ಊಟ ಉಂಡು ಬಂದ ಹುಡುಗನೊಬ್ಬನನ್ನು ಅಂಗಡಿಗೆ ಕರೆತಂದಿದ್ದರು. ಹೊಕ್ಕುಳ ಸುತ್ತ ಎದ್ದ ನೋವು ಬೆಳಗಾಗುವ ಹೊತ್ತಿಗೆ ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ಬೆಂಚಿನ ಮೇಲೆ ಬಲಗಾಲು ಮಡಚಿಕೊಂಡು ಮಲಗಿದ್ದ. ಕೆಮ್ಮು ಬಂದರೂ ತಡೆಹಿಡಿಯುತ್ತಿದ್ದ. ಅಷ್ಟರಲ್ಲಾಗಲೇ ಔಡಲೆಣ್ಣೆ ಕುಡಿಸಿ, ಬಟ್ಟಿ ಬಿದ್ದಿದೆ, ಅಂದರೆ ಹೊಕ್ಕುಳ ಜಾರಿದೆ ಎಂದು ಹೊಟ್ಟೆ ತಿಕ್ಕಿಸಿಯೂ ಆಗಿತ್ತು. ಅಪೆಂಡಿಕ್ಸ್ ಊದಿಕೊಂಡಾಗ ಭೇದಿಗೆ ಕೊಡುವುದೂ ಅಪಾಯ, ಹೊಟ್ಟೆ ತಿಕ್ಕುವುದೂ ಅಪಾಯ. ಅದು ಒಡೆದರೆ ಕೀವು ಹೊಟ್ಟೆಯೊಳಗೆಲ್ಲ ಹರಡುತ್ತದೆ. 'ಮಾತ್ರೆ ಕೊಡುವುದಿಲ್ಲ ಅಕ್ಕಾ, ಈಗಲೇ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ' ಎಂದೆ. ಆ ತಾಯಿ ನನ್ನನ್ನು ಬೈದುಕೊಂಡೇ ಆಟೋ ಹತ್ತಿದರು. ಸಂಜೆಗೆ ಆಪರೇಷನ್ ಆಯಿತಂತೆ.

ಕಲ್ಲಿನ ನೋವಿನವರು ಒಂದೆಡೆ ಕೂರಲಾರದೆ ಹೊರಳಾಡುತ್ತಾರೆ, ಅಪೆಂಡಿಕ್ಸ್ ನೋವಿನವರು ಅಲುಗಾಡಲು ಹೆದರುತ್ತಾರೆ. ಅಪೆಂಡಿಸೈಟಿಸ್‌ನಲ್ಲಿ ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. ಇಷ್ಟನ್ನು ಮನೆಯವರು ಗಮನಿಸಿ ಡಾಕ್ಟರಿಗೆ ಹೇಳಿದರೂ ದೊಡ್ಡ ಉಪಕಾರ.

ಮಿರಗದ ಮಳೆ ಬಿದ್ದ ಮೇಲೆ ಬೈಗುಳವೆಲ್ಲ ಮಳೆಗೆ ವರ್ಗವಾಗುತ್ತದೆ. ಹೊಸ ನೀರು ಕುಡಿದದ್ದಕ್ಕೆ ವಾಂತಿಭೇದಿ ಅಂತೆ! 2022ರಲ್ಲಿ ರಾಯಚೂರು ನಗರದಲ್ಲಿ, ಮರುವರ್ಷ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಇಷ್ಟು ಬೇಗ ಮರೆತೆವೇ? ನಳದ ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಎಲ್ಲಿ ಒಡೆದಿದೆಯೋ ಅಲ್ಲಿಂದ ಚರಂಡಿ ನೀರು ಒಳಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಚರಂಡಿ ತುಂಬಿರುತ್ತದೆ ನಿಜ. ಆದರೆ ಚರಂಡಿಗೆ ಅಂಟಿಸಿದಂತೆ ಪೈಪು ಹೂಳಿದವನು ಮಳೆರಾಯನಲ್ಲ.

ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಅದು ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಚಿಕ್ಕ ಮಕ್ಕಳಿಗೆ ಭೇದಿ ಕಟ್ಟುವ ಮಾತ್ರೆ ಕೇಳಬೇಡಿ, ಕೊಡುವುದಿಲ್ಲ. ಬಲಗಡೆ ಕೆಳಹೊಟ್ಟೆ ನೋವು ಎಂದು ಬಂದವರಿಗೆ ಆಸ್ಪತ್ರೆಯ ದಾರಿ ತೋರಿಸುತ್ತೇನೆಯೇ ಹೊರತು ಮಾತ್ರೆಯನ್ನಲ್ಲ. ಪಕ್ಕದ ಅಂಗಡಿಯವನು ಕೊಡುತ್ತಾನೆ ಎನ್ನುತ್ತೀರಿ. ಅದು ನನಗೂ ಗೊತ್ತು.