ರಸ್ತೆ ಅಗೆದವರಿಗೆ ಹೈಬ್ರಿಡ್ ಮಾಲೀಕರ ನಮಸ್ಕಾರ

ಹೈಬ್ರಿಡ್ ಕಾರಿನ ಮೈಲೇಜ್ ಇರುವುದು ಕಂಪನಿಯ ಕೈಯಲ್ಲಲ್ಲ, ರಸ್ತೆ ಅಗೆಯುವವರ ಕೈಯಲ್ಲಿ. ಇದು ಗೊತ್ತಿಲ್ಲದ ಮಂಗಳೂರಿಗರು ನಂತೂರಿನಲ್ಲಿ, ಕೊಟ್ಟಾರ ಚೌಕಿಯಲ್ಲಿ ನಿಂತು ಅಧಿಕಾರಿಗಳಿಗೆ ಸುಮ್ಮನೆ ಶಾಪ ಹಾಕುತ್ತಾರೆ.

ವಿಷಯ ಸರಳ ಉಂಟು. ಸ್ಟ್ರಾಂಗ್ ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ, ಒಂಟಿಯಾಗಿಯೂ ಗಾಡಿ ಎಳೆಯಬಲ್ಲ ಕರೆಂಟಿನ ಮೋಟಾರು ಇರುವ ಕಾರು. ಅದು ನಿಂತಾಗ ಎಂಜಿನ್ ಆಫ್ ಆಗುತ್ತದೆ. ಆಮೆ ವೇಗದಲ್ಲಿ ತೆವಳುವಾಗ ಮೋಟಾರೇ ಎಳೆಯುತ್ತದೆ. ಬ್ರೇಕ್ ಒತ್ತಿದರೆ ಅದೇ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ. ಅಂದರೆ ನಿಲ್ಲು, ತೆವಳು, ಬ್ರೇಕ್ ಹಾಕು, ಮತ್ತೆ ನಿಲ್ಲು. ಹಂಪನಕಟ್ಟೆಯಲ್ಲಿ ಸಂಜೆ ಆರಕ್ಕೆ ಬೇರೇನು ಮಾಡಲಿಕ್ಕಾಗುತ್ತದೆ? ಅದೇ ಕಾರನ್ನು ಹೆದ್ದಾರಿ 66ರಲ್ಲಿ ಒಂದೇ ಸಮ 90ರಲ್ಲಿ ಬಿಟ್ಟರೆ ಬ್ರೇಕೂ ಇಲ್ಲ, ಚಾರ್ಜೂ ಇಲ್ಲ. ಹೆಚ್ಚಿನ ಕೆಲಸ ಎಂಜಿನ್‌ದೇ, ಮೋಟಾರು ಬ್ಯಾಟರಿಗಳ ಭಾರ ಬೇರೆ. ಹೀಗಿರುವಾಗ ಪಾಲಿಕೆ, ಹೆದ್ದಾರಿ, ಒಳಚರಂಡಿ, ಪೈಪಿನವರು ಎಲ್ಲ ಸೇರಿ ಸರದಿಯಂತೆ ಅಗೆಯುವುದನ್ನು ಇಂಧನ ಉಳಿತಾಯ ಅಭಿಯಾನ ಎನ್ನದೆ ಬೇರೇನು ಎನ್ನೋಣ?

ಒಂದೇ ಒಂದು ಕಡೆ ಎಡವಿದರು. ಪಂಪ್‌ವೆಲ್ ಫ್ಲೈಓವರನ್ನು ಸುಮಾರು ಹತ್ತು ವರ್ಷ ಜತನದಿಂದ ಕಟ್ಟಿ, ಕೊನೆಗೆ ತಾಳ್ಮೆ ತಪ್ಪಿ 2020ರ ಜನವರಿಯಲ್ಲಿ ತೆರೆದುಬಿಟ್ಟರು. ಟೊಯೊಟಾದ ಹೈರೈಡರ್, ಮಾರುತಿಯ ಗ್ರಾಂಡ್ ವಿಟಾರಾಗಳ ಸ್ಟ್ರಾಂಗ್ ಹೈಬ್ರಿಡ್ ಬಂದದ್ದು 2022ರಲ್ಲಿ. ಇನ್ನೆರಡು ವರ್ಷ ತಡೆದಿದ್ದರೆ ಎಷ್ಟು ಪೆಟ್ರೋಲ್ ಉಳಿಯುತ್ತಿತ್ತು ಮಾರಾಯ್ರೆ!

ಈ ಗಾಡಿಗಳಿಗೆ ಕಾಗದದ ಮೇಲೆ ಲೀಟರಿಗೆ 27.97 ಕಿಲೋಮೀಟರ್. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಮೇ ತಿಂಗಳ ಕರಾವಳಿ ಸೆಕೆ ಇರುವುದಿಲ್ಲ. ಹೈಬ್ರಿಡ್‌ನ ಎಸಿ ಕಂಪ್ರೆಸರ್ ಕರೆಂಟಿನದು; ಬ್ಯಾಟರಿಯೋ ಬರೇ 0.76 ಯೂನಿಟ್‌ನದು. ಜಾಮಿನಲ್ಲಿ ಎಸಿ ಹಾಕಿ ಕೂತರೆ ಸ್ವಲ್ಪ ಹೊತ್ತಿಗೇ ಎಂಜಿನ್ ತಾನಾಗಿ ಎದ್ದು ಬ್ಯಾಟರಿಗೆ ಉಣಿಸಿ ಮತ್ತೆ ಮಲಗುತ್ತದೆ. ಅದು ರಿಪೇರಿ ಅಲ್ಲ, ಸರ್ವಿಸ್ ಸೆಂಟರಿಗೆ ಓಡಬೇಡಿ. ಆಗುಂಬೆಯ 14 ತಿರುವು ಇಳಿಯುವಾಗ ಅರ್ಧ ದಾರಿಗೆ ಮೊದಲೇ ಬ್ಯಾಟರಿ ತುಂಬಿ, ಬಳಿಕ ಎಂಜಿನ್ ಗೊರ್ರೆಂದು ಬ್ರೇಕಿನ ಕೆಲಸ ಮಾಡುವುದೂ ಅಷ್ಟೇ.

ಈಗ ದುಡ್ಡಿನ ಲೆಕ್ಕ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವರು, ಪೇಟೆಯಲ್ಲಿ ಮಾಮೂಲಿ ಕಾರು ಲೀಟರಿಗೆ 14, ಹೈಬ್ರಿಡ್ 22 ಕೊಡುತ್ತದೆ ಅಂತಿಟ್ಟುಕೊಳ್ಳಿ. ಉಳಿಯುವುದು 312 ಲೀಟರ್, ಲೀಟರಿಗೆ ನೂರರಂತೆ 31,200 ರೂಪಾಯಿ. ಹೈಬ್ರಿಡ್‌ಗೆಂದು ಎರಡೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸು ಬರಲಿಕ್ಕೆ ಎಂಟು ವರ್ಷ. ಬ್ಯಾಟರಿ ವಾರಂಟಿ ಎಷ್ಟು? 8 ವರ್ಷ ಅಥವಾ 1,60,000 ಕಿಲೋಮೀಟರ್. ಲಾಭ ಶುರುವಾಗುವ ದಿನವೇ ಧೈರ್ಯ ಮುಗಿಯುತ್ತದೆ.

ಸರಕಾರದ ಪ್ರೀತಿಯೂ ಕಡಿಮೆಯದಲ್ಲ. ಪೂರ್ತಿ ಕರೆಂಟಿನ ಕಾರಿಗೆ ಜಿಎಸ್‌ಟಿ ಶೇಕಡಾ 5. ನಾಲ್ಕು ಮೀಟರ್ ದಾಟಿದ ಹೈಬ್ರಿಡ್‌ಗೆ 2017ರಿಂದ ಸೆಸ್ ಸೇರಿ 43 ಇತ್ತು; 2025ರ ಸೆಪ್ಟೆಂಬರ್ 22ರಿಂದ 40. ಅಷ್ಟೇ ಉದ್ದದ ಬರೀ ಪೆಟ್ರೋಲ್ ಕಾರಿಗೂ 40, ಸಕ್ಕರೆ ಹಾಕಿದ ಕೋಲಾಕ್ಕೂ 40. ಪೆಟ್ರೋಲ್ ಉಳಿಸುವವನೂ ಸುಡುವವನೂ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಪಂಕ್ತಿಭೇದ ಇಲ್ಲ ಅಂತ ಸಂತೋಷಪಡಿ.

ಇನ್ನು ಹಿಂಬದಿಯಲ್ಲಿ ಹೈಬ್ರಿಡ್ ಎಂಬ ಬಿಲ್ಲೆ ಹೊತ್ತ ಮೈಲ್ಡ್ ಹೈಬ್ರಿಡ್‌ಗಳ ಜಾತಿ. ಬೆಲ್ಟಿಗೆ ಕಟ್ಟಿದ ಸ್ಟಾರ್ಟರ್ ಜನರೇಟರ್, ಪುಟ್ಟದೊಂದು ಹೆಚ್ಚುವರಿ ಬ್ಯಾಟರಿ, ಅಷ್ಟೇ. ಬರೀ ಮೋಟಾರಿನಲ್ಲಿ ಒಂದು ಗೇಣೂ ಚಲಿಸುವುದಿಲ್ಲ. ಇವಕ್ಕೂ ಕರೆಂಟಿನ, ಹೈಬ್ರಿಡ್ ಗಾಡಿಗಳಿಗೆಂದು ಕೇಂದ್ರ ತಂದ 2015ರ ಫೇಮ್ ಯೋಜನೆಯಲ್ಲಿ ಸಬ್ಸಿಡಿ ಸಿಕ್ಕಿತ್ತು; ನಿಲ್ಲಿಸಲು 2017 ಆಗಬೇಕಾಯಿತು. ಶೋರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಎಂಜಿನ್ ಆಫ್ ಇರುವಾಗ ಗಾಡಿ ಮುಂದೆ ಹೋಗ್ತದಾ?" ಹುಡುಗ ಸನ್‌ರೂಫ್ ತೋರಿಸತೊಡಗಿದರೆ ಉತ್ತರ ಸಿಕ್ಕಿತು.

ಕೊನೆಗೆ ಗಲ್ಫ್ ಮಾಲೀಕರ ಬಗ್ಗೆ. ರಜೆಯಲ್ಲಿ ಬಂದು ಹೈಬ್ರಿಡ್ ಕೊಂಡು, ಶಿರ್ವದ ಮನೆಯಂಗಳದಲ್ಲಿ ಟಾರ್ಪಾಲು ಹೊದಿಸಿ ದುಬೈಗೆ ಹಾರುತ್ತಾರೆ. ಮಳೆಗಾಲ ಕಳೆದು ಬಂದು ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ನಾಲ್ಕು ಸಲ ಕಣ್ಣು ಮಿಟುಕಿಸಿ ಕತ್ತಲಾಗುತ್ತದೆ. ಕಾರಣ ದೊಡ್ಡ ಬ್ಯಾಟರಿ ಅಲ್ಲ, ಮಾಮೂಲಿ 12 ವೋಲ್ಟಿನದು. ಕಂಪ್ಯೂಟರುಗಳನ್ನು ಎಬ್ಬಿಸಿ ದೊಡ್ಡ ಬ್ಯಾಟರಿಯ ರಿಲೇ (ಸ್ವಿಚ್ಚು) ಕೂಡಿಸುವುದೇ ಅದು. ಅದು ಸತ್ತರೆ ಪಕ್ಕದಲ್ಲೇ ಇರುವ ನೂರಾರು ವೋಲ್ಟ್ ಕೆಲಸಕ್ಕೆ ಬಾರದು. ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿತ್ತಳೆ ಬಣ್ಣದ ಕೇಬಲ್ ಕಂಡು, ಕೈ ಒರೆಸಿಕೊಂಡು ಹೋಗುತ್ತಾನೆ. ಹೋದದ್ದು ಸರಿ, ಅದು ಹೈ ವೋಲ್ಟೇಜ್. ಸುಲಭದ ಉಪಾಯ ಒಂದುಂಟು: ವಾರಕ್ಕೊಮ್ಮೆ ಮನೆಯವರು ಯಾರಾದರೂ ಗಾಡಿಯನ್ನು ಬಯಲಿಗೆ ತಂದು (ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆ), ಬ್ರೇಕ್ ಒತ್ತಿ ಬಟನ್ ಒತ್ತಿ, "ರೆಡಿ" ಬಂದ ಮೇಲೆ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ಬಿಡುವುದು. ಕೆಲವು ಮನೆಗಳಲ್ಲಿ ಈ ಹೊಣೆ ಅತ್ತೆಯವರದ್ದು. ಎಸಿ ಹಾಕಿ, ಸೀಟು ಹಿಂದಕ್ಕೆ ಮಲಗಿಸಿ, ಧಾರಾವಾಹಿ ನೋಡುತ್ತಾ ಕೂರುತ್ತಾರೆ. ಆ ಹೊತ್ತಿನ ಮೈಲೇಜ್ ಸೊನ್ನೆ. ದುಬೈಗೆ ಯಾರೂ ಹೇಳಿಲ್ಲ.