ಕುಲುಕಿದರೆ ಬೆರೆಯುವುದಿಲ್ಲ ಸ್ವಾಮೀ

"ಬೇವಿನೆಣ್ಣೆ ಹೊಡೀರಿ, ಎಲ್ಲಾ ಹೋಗುತ್ತೆ." ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿದೆ ಎಂದು ಬಾಯಿಬಿಟ್ಟವರಿಗೆಲ್ಲ ಸಿಗುವ ಉಚಿತ ಸಲಹೆ. ಸಲಹೆಯೇನೋ ಸರಿಯೇ. ಎಣ್ಣೆಯನ್ನು ನೀರಿಗೆ ಬೆರೆಸುವುದು ಹೇಗೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಾಗಾಗಿ ತಾರಸಿಗೊಬ್ಬ ಕುಲುಕುವ ಮಹಾನುಭಾವ ಹುಟ್ಟಿಕೊಂಡಿದ್ದಾನೆ.

ಇವನು ಬಾಟಲಿಗೆ ನೀರು ತುಂಬಿ, ಮೇಲೊಂದಿಷ್ಟು ಎಣ್ಣೆ ಸುರಿದು, ಮೈಮೇಲೆ ದೇವರು ಬಂದವನ ಹಾಗೆ ಕುಲುಕುತ್ತಾನೆ. ಮೊದಲ ಗಿಡ ಮುಗಿಯುವಷ್ಟರಲ್ಲಿ ಎಣ್ಣೆ ತೇಲಿ ಮೇಲೆ ಬಂದಿರುತ್ತದೆ. ಮತ್ತೆ ಕುಲುಕು. ಕೈ ಸೋತ ಮೇಲೆ ಕುಲುಕುವುದೂ ನಿಲ್ಲುತ್ತದೆ. ಸ್ಪ್ರೇ ಕೊಳವೆ ಹೀರುವುದು ತಳದಿಂದ. ಹಾಗಾಗಿ ಮುಂದಿನ ಗಿಡಗಳಿಗೆಲ್ಲ ಬರೀ ತಣ್ಣೀರು, ಕಟ್ಟಕಡೆಯ ಬಡಪಾಯಿಗೆ ಪೂರ್ತಿ ಅಭ್ಯಂಜನ. ಮರುದಿನದ ಬಿಸಿಲಿಗೆ ಅದರ ಎಲೆ ಕರಕಲಾಗುತ್ತದೆ, ಉಳಿದ ಗಿಡಗಳಲ್ಲಿ ತಿಗಣೆ ಸುಖವಾಗಿರುತ್ತದೆ. ತೀರ್ಪು: "ಎಣ್ಣೆ ಡೂಪ್ಲಿಕೇಟು."

ಬೇಕಾದದ್ದು ತೋಳ್ಬಲವಲ್ಲ, ಸೋಪು. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಎಣ್ಣೆಯ ಪ್ರತಿ ಹನಿಯನ್ನೂ ಸುತ್ತುವರಿದು, ಹನಿಗಳು ಮತ್ತೆ ಒಂದಾಗದಂತೆ ದೂರ ಇಡುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, 1ರಿಂದ 2 ಮಿ.ಲೀ. ಪಾತ್ರೆ ತೊಳೆಯುವ ಲಿಕ್ವಿಡ್. ಮೊದಲು ಇವೆರಡನ್ನೇ ಲೋಟದಲ್ಲಿ ಕಲೆಸಿ, ಉಗುರುಬೆಚ್ಚನೆ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಕದಡಬೇಕು. ಬೆಳ್ಳಗಾದರೆ ಗೆದ್ದಂತೆ, ಆಮೇಲೆ ಉಳಿದ ನೀರು. ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಕರಗಿಸಿಕೊಳ್ಳಿ. ಸೋಪು ಜಾಸ್ತಿಯಾದರೆ ಎಲೆಯ ಮೇಣದ ಪದರವೇ ಕಿತ್ತುಹೋಗುತ್ತದೆ. ಬಟ್ಟೆ ಒಗೆಯುವ ಪುಡಿಯಂತೂ ಬೇಡವೇ ಬೇಡ, ಅದರಲ್ಲಿ ಸೋಡಾ ಇರುತ್ತದೆ.

ಸೋಪಿನ ಬಿಲ್ಲೆ ತುರಿದು ಹಾಕುವವರಿಗೆ ಬೋರ್‌ವೆಲ್ ನೀರೇ ಶತ್ರು. ಗಡಸು ನೀರಿನ ಕ್ಯಾಲ್ಸಿಯಂ ಸೇರಿ ಸೋಪು ಗಸಿಗಟ್ಟುತ್ತದೆ, ನಾಝಲ್ ಕಟ್ಟಿಕೊಳ್ಳುತ್ತದೆ, ಎಣ್ಣೆ ಮತ್ತೆ ತೇಲುತ್ತದೆ. ಅಂಟುವಾಳಕ್ಕೆ ಈ ತಕರಾರಿಲ್ಲ: ಸಿಪ್ಪೆ ನೆನೆಸಿ ಕಿವುಚಿದರೆ ಬರುವ ನೊರೆ ಗಡಸು ನೀರಲ್ಲೂ ಕೆಲಸ ಮಾಡುತ್ತದೆ. ಅಜ್ಜಿಯರ ಬಚ್ಚಲಲ್ಲಿ ಡಬ್ಬಿ ತುಂಬಾ ಇರುತ್ತಿದ್ದ ವಸ್ತು. ಈಗ ಚಂದದ ಪೊಟ್ಟಣದಲ್ಲಿ, ಆರ್ಗ್ಯಾನಿಕ್ ಬೆಲೆಗೆ ಬರುತ್ತದೆ.

ಹೊಡೆಯುವುದು ಸಂಜೆ, ಎಲೆಯ ಅಡಿಭಾಗಕ್ಕೆ. ಕಲೆಸಿದ್ದನ್ನು ಅಂದೇ ಮುಗಿಸಬೇಕು. ನೀರು ಸೇರಿದ ಮೇಲೆ ಬೇವಿನ ಸತ್ವ ಬಹಳ ದಿನ ನಿಲ್ಲುವುದಿಲ್ಲ. ಆದರೆ ಮಹಾನುಭಾವ ಚೆಲ್ಲುವವನಲ್ಲ. ಉಳಿದದ್ದನ್ನು ಫ್ರಿಜ್‌ನಲ್ಲಿ, ಮೊಸರಿನ ಪಕ್ಕದಲ್ಲೇ ಇಡುತ್ತಾನೆ. ಮುಂದಿನ ವಾರ ತೆಗೆದು, ಮೊದಲು ಕುಲುಕುತ್ತಾನೆ.