ಮೊದಲ ಕೊಲೆಗೆ ಪತ್ತೇದಾರನೇ ಇಲ್ಲ

ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳನ್ನು ಈಗ ಯಾಕೆ ಓದಬೇಕು ಅಂತ ಕೇಳುವವರ ಕೈಗೆ ನಾನು ಮೊದಲು ಕೊಡುವುದು ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’. 1868ರಲ್ಲಿ, ಷರ್ಲಾಕ್ ಹೋಮ್ಸ್ ಇನ್ನೂ ಹುಟ್ಟಿರದ ಕಾಲದಲ್ಲಿ, ಡಿಕನ್ಸನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಕಥೆ ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು, ಟಿಪ್ಪು ಬಿದ್ದ ದಿನ.

ಕೋಟೆಯೊಳಗೆ ನುಗ್ಗಿದ ಸೈನಿಕರು ಲೂಟಿಗಿಳಿದಿದ್ದಾರೆ. ಅರಮನೆಯ ಶಸ್ತ್ರಾಗಾರದಲ್ಲಿ ಇಬ್ಬರು ಸತ್ತು ಬಿದ್ದಿದ್ದಾರೆ, ಮೂರನೆಯವನು ಸಾಯುತ್ತಿದ್ದಾನೆ. ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿಯ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಕಠಾರಿಯ ಹಿಡಿಯ ತುದಿಯಲ್ಲಿ ವಜ್ರ. ಇದನ್ನು ಕಂಡ ಅವನ ಬಂಧುವೇ, ಕೊಂದದ್ದನ್ನು ಕಣ್ಣಾರೆ ನೋಡಿಲ್ಲ, ಪುರಾವೆ ಇಲ್ಲ ಎಂದು ಸುಮ್ಮನಾಗುತ್ತಾನೆ. ವಜ್ರ ಕಲ್ಪನೆಯದು, ಲೂಟಿ ನಿಜ. ಅಲ್ಲಿಂದ ಹೋದ ಟಿಪ್ಪುವಿನ ಹುಲಿ ಎಂಬ ಮರದ ಗೊಂಬೆ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇನ್ನು 1848ಕ್ಕೆ ಬನ್ನಿ. ಯಾರ್ಕ್‌ಷೈರ್‌ನ ದೊಡ್ಡ ಮನೆಯೊಂದರಲ್ಲಿ ಹರ್ನ್‌ಕ್ಯಾಸಲ್‌ನ ಸೋದರ ಸೊಸೆ ರೇಚಲ್ ಎಂಬ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಸಿಕ್ಕ ಆ ವಜ್ರ ಅದೇ ರಾತ್ರಿ ಕಳವಾಗುತ್ತದೆ. ಅವಳ ಕೋಣೆಯ ಬಾಗಿಲಿಗೆ ಬಳಿದ ಹೊಸ ಬಣ್ಣ ಒಂದು ಕಡೆ ಅಳಿಸಿದೆ. ಆಳು ಹೆಂಗಸರ ಲಂಗ ತಾಗಿರಬೇಕು, ಅದೇನು ಮಹಾ, ಅನ್ನುತ್ತಾನೆ ಸ್ಥಳೀಯ ಪೊಲೀಸ್ ಅಧಿಕಾರಿ. ಸ್ಕಾಟ್ಲೆಂಡ್ ಯಾರ್ಡಿನ ಸಾರ್ಜೆಂಟ್ ಕಫ್ ಬಿಡುವುದಿಲ್ಲ. ಬಣ್ಣ ಬಳಿದು ಮುಗಿಸಿದ್ದು ಮಧ್ಯಾಹ್ನ ಮೂರಕ್ಕೆ, ಒಣಗಲು ಬೇಕು ಹನ್ನೆರಡು ತಾಸು. ಹಾಗಾದರೆ ಮರುದಿನ ಬೆಳಿಗ್ಗೆ ಹೆಂಗಸರು ಬಾಗಿಲ ಬಳಿ ಬರುವಷ್ಟರಲ್ಲಿ ಅದು ಒಣಗಿ ಬಹಳ ಹೊತ್ತಾಗಿತ್ತು. ಬಣ್ಣ ತಾಗಿದ ಬಟ್ಟೆ ಯಾರದ್ದು? ಎಷ್ಟು ಅಚ್ಚುಕಟ್ಟಾದ ತರ್ಕ! ಮುಂದೆ ಬಂದ ಎಷ್ಟೋ ಪತ್ತೇದಾರರ ದಾರಿ ಇಲ್ಲೇ ಕಾಣುತ್ತದೆ.

ಆದರೆ ನನಗೆ ಹೊಟ್ಟೆ ಉರಿಯುವುದೂ ಇಲ್ಲೇ. ಬಾಗಿಲ ಬಣ್ಣಕ್ಕೆ ಇಷ್ಟು ಬುದ್ಧಿ ಖರ್ಚಾಗುತ್ತದೆ, ಶ್ರೀರಂಗಪಟ್ಟಣದ ಮೂರು ಹೆಣಗಳ ಬಗ್ಗೆ ಒಬ್ಬ ಅಧಿಕಾರಿಯೂ ವಿಚಾರಿಸುವುದಿಲ್ಲ. ವಜ್ರವನ್ನು ವಾಪಸ್ ಒಯ್ಯಲು ಸಮುದ್ರ ದಾಟಿ ಬಂದ ಮೂವರು ಬ್ರಾಹ್ಮಣರೇ ಮೊದಲ ಶಂಕಿತರು. ಇವರಿಗೆ ಮನುಷ್ಯನನ್ನು ಕೊಲ್ಲುವುದೂ ಒಂದೇ, ಪೈಪಿನ ಬೂದಿ ಕೊಡವುವುದೂ ಒಂದೇ ಎಂದು ಭಾರತವನ್ನು ಬಲ್ಲವನೆನಿಸಿಕೊಂಡ ಮುರ್ತ್‌ವೇಟ್ ಹೇಳುತ್ತಾನೆ. ಹರ್ನ್‌ಕ್ಯಾಸಲ್‌ನನ್ನು ನೆಂಟರು ದೂರ ಇಟ್ಟರು, ನಿಜ. ನೇಣಿಗೆ ಹಾಕಲಿಲ್ಲ.

ಹಾಗಂತ ಕಾಲಿನ್ಸ್ ಇದನ್ನೆಲ್ಲ ಕಾಣದೆ ಬರೆದ ಅನ್ನಲಾರೆ. 1857ರ ದಂಗೆಯ ಸಿಟ್ಟು ಇಂಗ್ಲೆಂಡಿನಲ್ಲಿ ಇನ್ನೂ ಆರದ ಕಾಲ ಅದು. ಅಂಥ ಹೊತ್ತಿನಲ್ಲಿ ಕಳ್ಳ ಇಂಗ್ಲಿಷಿನವನೇ ಅಂತ ಮೊದಲಲ್ಲೇ ಹೇಳಿ, ಕೊನೆಗೆ ವಜ್ರವನ್ನು ಅದು ಮೊದಲು ಇದ್ದ ಸೋಮನಾಥಕ್ಕೇ ತಲುಪಿಸಿದ. ಇದು ಸಣ್ಣ ಧೈರ್ಯವಲ್ಲ. 1890ರ ಹೋಮ್ಸ್ ಕಾದಂಬರಿ ‘ದಿ ಸೈನ್ ಆಫ್ ಫೋರ್’ನಲ್ಲಿ ಕಾನನ್ ಡಾಯ್ಲ್ ಅಷ್ಟೂ ಮಾಡಲಿಲ್ಲ. ಅವನ ಅಂಡಮಾನಿಗ ಮನುಷ್ಯನಂತೆಯೇ ಇಲ್ಲ, ಕೈಗೆ ಕೊಟ್ಟದ್ದು ವಿಷದ ಮುಳ್ಳು ಊದುವ ಕೊಳವೆ. ಅಂಡಮಾನಿನ ಜನರ ಆಯುಧ ಬಿಲ್ಲು ಬಾಣ.

2023ರಲ್ಲಿ ಅಗಾಥಾ ಕ್ರಿಸ್ಟಿಯ ಹೊಸ ಮುದ್ರಣಗಳಲ್ಲಿ ನೋಯಿಸುವ ಪದಗಳನ್ನು ತೆಗೆದಿದ್ದಾರೆಂದು ಸುದ್ದಿಯಾಯಿತು. ನನಗೆ ಇದು ಒಪ್ಪಿಗೆಯಿಲ್ಲ. ಮಕ್ಕಳಿಗೆ ಕೊಡುವಾಗ ಪಕ್ಕ ಕೂತು ಓದೋಣ, ಮುಂದೆ ನಾಲ್ಕು ಪುಟ ಮುನ್ನುಡಿ ಹಾಕಲಿ. ಪೈಪಿನ ಬೂದಿಯ ಆ ಮಾತನ್ನು ಮಾತ್ರ ಯಾರೂ ಮುಟ್ಟಬಾರದು. ಇಂಗ್ಲೆಂಡಿನ ಓದುಗರು ಒಂದೂವರೆ ಶತಮಾನ ಯಾರನ್ನು ಅನುಮಾನಿಸುತ್ತಾ ಬಂದರು ಎಂಬುದಕ್ಕೆ ಅದೇ ಪುರಾವೆ.